‘ಸಮನ್ವಯ’ದ ಆಚೆಗೆ: ಜಿ.ಎಸ್. ಶಿವರುದ್ರಪ್ಪನವರ ಕಾವ್ಯ, ಬೋಧನೆ ಮತ್ತು ಸಂಶೋಧನೆ

ಆಧುನಿಕ ಕನ್ನಡ ಕಾವ್ಯದ ಚರ್ಚೆಯಲ್ಲಿ ಜಿ.ಎಸ್. ಶಿವರುದ್ರಪ್ಪನವರನ್ನು (1926-2013) ‘ಸಮನ್ವಯ ಕವಿ’ ಎಂದು ಗುರುತಿಸುವ ರೂಢಿ ಬಹುಕಾಲದಿಂದ ಬೆಳೆದುಬಂದಿದೆ. ಮೇಲ್ನೋಟಕ್ಕೆ ಇದು ಗೌರವದ ಮಾತು. ಆದರೆ ನವೋದಯಕ್ಕೂ ನವ್ಯಕ್ಕೂ ಪೂರ್ಣವಾಗಿ ಒಲಿಯದೆ, ಎರಡರ ನಡುವಣ ಸುರಕ್ಷಿತ ನೆಲೆಯಲ್ಲಿ ನಿಂತ ಕವಿ ಎಂಬ ಆಕ್ಷೇಪವೂ ಅದರೊಳಗೆ ಅಡಗಿದೆ. ಕವಿತೆಗಳನ್ನಷ್ಟೇ ಎದುರಿಗಿಟ್ಟುಕೊಂಡಾಗ ಈ ಆಕ್ಷೇಪ ಸಮರ್ಥನೀಯವೆನಿಸಬಹುದು. ಅವರ ಬೋಧನೆ ಮತ್ತು ಸಂಶೋಧನೆಗಳನ್ನು ಕಾವ್ಯದ ಜೊತೆಗಿರಿಸಿ ನೋಡಿದಾಗ ದೊರೆಯುವ ಚಿತ್ರ ಬೇರೆಯದು.

ಮೈಸೂರಿನಲ್ಲಿ ಕುವೆಂಪು ಅವರ ಶಿಷ್ಯರಾಗಿದ್ದ ಶಿವರುದ್ರಪ್ಪನವರು 1949ರಲ್ಲಿ ಅಧ್ಯಾಪನ ವೃತ್ತಿಗೆ ಪ್ರವೇಶಿಸಿದರು. ಮೊದಲ ಸಂಕಲನ ‘ಸಾಮಗಾನ’ ಪ್ರಕಟವಾದದ್ದು 1951ರಲ್ಲಿ. ಕುವೆಂಪು ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ‘ಸೌಂದರ್ಯ ಸಮೀಕ್ಷೆ’ ಅವರಿಗೆ ಡಾಕ್ಟರೇಟ್ ತಂದುಕೊಟ್ಟ ಮಹಾಪ್ರಬಂಧ. 1963ರಿಂದ 1966ರವರೆಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿದ್ದು, ಅನಂತರ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಬಂದರು. ಕವಿಯಾಗಿ ಅವರು ರೂಪುಗೊಳ್ಳುತ್ತಿದ್ದ ಕಾಲದಲ್ಲಿಯೇ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ (1954) ಮತ್ತು ‘ಭೂಮಿಗೀತ’ (1959) ಕನ್ನಡ ಕಾವ್ಯದ ದಿಕ್ಕನ್ನು ಬದಲಿಸಿದವು. ಗುರುವಿನ ಪರಂಪರೆಯನ್ನು ತೊರೆಯುವುದು ಇಲ್ಲವೇ ಹೊಸ ಮಾರ್ಗಕ್ಕೆ ಬೆನ್ನು ತಿರುಗಿಸುವುದು, ಇವೆರಡೇ ಆಯ್ಕೆಗಳೆಂದು ತೋರುತ್ತಿದ್ದ ಸಂದರ್ಭವದು.

ಶಿವರುದ್ರಪ್ಪನವರು ಈ ಪ್ರಶ್ನೆಯನ್ನು ಎದುರಿಸಿದ್ದು ಪ್ರಣಾಳಿಕೆಯಿಂದಲ್ಲ, ಅಧ್ಯಯನದಿಂದ. ‘ವಿಮರ್ಶೆಯ ಪೂರ್ವಪಶ್ಚಿಮ’ದಿಂದ, 1984ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾದ ‘ಕಾವ್ಯಾರ್ಥ ಚಿಂತನ’ದವರೆಗೆ ಭಾರತೀಯ ಕಾವ್ಯಮೀಮಾಂಸೆ ಮತ್ತು ಪಾಶ್ಚಾತ್ಯ ವಿಮರ್ಶೆಗಳನ್ನು ಒಟ್ಟಿಗೆ ಪರಿಶೀಲಿಸುವ ಕ್ರಮ ಅವರದು. ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದಲ್ಲಿ ಈ ಕ್ರಮ ಸಾಂಸ್ಥಿಕ ರೂಪ ತಾಳಿತು. ಹಲವು ವಿದ್ವಾಂಸರ ಬರಹಗಳನ್ನೊಳಗೊಂಡ ‘ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ’ಯ ಸಂಪುಟಗಳು ಅವರ ಸಂಪಾದಕತ್ವದಲ್ಲಿ ಹೊರಬಂದವು, ಆಯಾ ವರ್ಷದ ಸಾಹಿತ್ಯವನ್ನು ಪ್ರಕಾರವಾರು ಸಮೀಕ್ಷಿಸುವ ‘ಸಾಹಿತ್ಯ ವಾರ್ಷಿಕ’ದ ಕಾರ್ಯವೂ ನಡೆಯಿತು. ಒಂದೆಡೆ ಸಾವಿರ ವರ್ಷಗಳ ಚರಿತ್ರೆ, ಇನ್ನೊಂದೆಡೆ ನಿನ್ನೆ ಮೊನ್ನೆ ಅಚ್ಚಾದ ಕವಿತೆ: ಸಮಕಾಲೀನ ಕಾವ್ಯವೂ ವಿದ್ವತ್ತಿನ ಶಿಸ್ತಿಗೆ ಅರ್ಹವಾದ ವಸ್ತುವೆಂಬ ನಿಲುವು ಇದರ ಹಿಂದಿದೆ. ದಲಿತ ಕಾವ್ಯದ ಮೊದಲ ಸಶಕ್ತ ಧ್ವನಿಗಳಲ್ಲಿ ಒಬ್ಬರಾದ ಸಿದ್ಧಲಿಂಗಯ್ಯ ಹಾಗೂ ವಿಮರ್ಶಕ ಡಿ.ಆರ್. ನಾಗರಾಜ್ ಇದೇ ಕೇಂದ್ರದಲ್ಲಿ ಓದಿ, ಅಲ್ಲಿಯೇ ಅಧ್ಯಾಪಕರಾದರೆಂಬುದು ಗಮನಾರ್ಹ. ತನ್ನ ಕಾವ್ಯಮಾರ್ಗಕ್ಕಿಂತ ಭಿನ್ನವಾದ ದನಿಗಳು ಬೆಳೆಯುವ ವಾತಾವರಣದ ನಡುವೆ ಕವಿಯೊಬ್ಬ ಅಧ್ಯಾಪಕನಾಗಿ ಕೆಲಸ ಮಾಡಿದನೆಂಬುದನ್ನು ‘ಸಮನ್ವಯ’ ಎಂಬ ಪದ ಪೂರ್ತಿಯಾಗಿ ಹೇಳಲಾರದು.

ಈ ಹಿನ್ನೆಲೆಯಲ್ಲಿ ‘ಮುಂಬೈ ಜಾತಕ’ ಕವಿತೆಯನ್ನು ಪರಿಶೀಲಿಸಬಹುದು. ಮಹಾನಗರದ ಯಾಂತ್ರಿಕತೆ ನವ್ಯರಿಗೆ ಪ್ರಿಯವಾದ ವಸ್ತು. ಶಿವರುದ್ರಪ್ಪನವರು ಅದನ್ನು ಸಂಕೀರ್ಣ ಪ್ರತಿಮೆಗಳಲ್ಲಿ ಕಟ್ಟುವುದಿಲ್ಲ. ಹುಟ್ಟು, ಬೆಳವಣಿಗೆ ಮುಂತಾದ ಶೀರ್ಷಿಕೆಗಳ ಮುಂದೆ ಚುಟುಕಾದ ಉತ್ತರಗಳನ್ನು ತುಂಬಿದ ನಮೂನೆಯಂತೆ ಅದು ಸಾಗುತ್ತದೆ. ಗ್ರಹಗತಿಗಳಿರಬೇಕಾದ ಜಾತಕದಲ್ಲಿ ಆಸ್ಪತ್ರೆ, ವಾಹನಗಳು ಬಂದು ಕೂರುತ್ತವೆ. ವ್ಯಂಗ್ಯ ಹುಟ್ಟುವುದು ಈ ರಚನೆಯಿಂದಲೇ. ನವ್ಯದ ಅನುಭವವನ್ನು ಒಪ್ಪಿಕೊಂಡು, ಅದರ ದುರ್ಗಮತೆಯನ್ನು ಮಾತ್ರ ನಿರಾಕರಿಸುವ ಈ ಕ್ರಮ ರಾಜಿಯಲ್ಲ. ಅದು ಒಂದು ಆಯ್ಕೆ. ತರಗತಿಯ ಕೊನೆಯ ಬೆಂಚಿನವನಿಗೂ ಕವಿತೆ ತಲುಪಬೇಕೆಂಬ ಅಧ್ಯಾಪಕನ ನೀತಿ ಇಲ್ಲಿ ಕಾವ್ಯತತ್ತ್ವವಾಗಿದೆ. ‘ಪ್ರೀತಿ ಇಲ್ಲದ ಮೇಲೆ’ ಕವಿತೆಯು ಪ್ರಶ್ನೆಗಳ ಸರಣಿಯಾಗಿ ಬೆಳೆಯುವುದರಲ್ಲಿಯೂ ಇದೇ ಸ್ವಭಾವವನ್ನು ಗುರುತಿಸಬಹುದು.

ಆದರೆ ಈ ನೀತಿಗೆ ಕವಿ ತೆತ್ತ ಬೆಲೆಯನ್ನೂ ಮರೆಮಾಚುವಂತಿಲ್ಲ. ಪ್ರತಿಮೆ ತನ್ನ ಕೆಲಸ ಮುಗಿಸಿದ ಬಳಿಕವೂ ಅರ್ಥವನ್ನು ಬಿಡಿಸಿ ಹೇಳುವ ಪ್ರವೃತ್ತಿ ಅವರ ಹಲವು ಕವಿತೆಗಳಲ್ಲಿದೆ. ವ್ಯಾಖ್ಯಾನಕಾರನ ದನಿ ಕವಿಯ ದನಿಯನ್ನು ಹಿಂದಿಕ್ಕುವ ಇಂಥ ಕಡೆಗಳಲ್ಲಿ ಓದುಗನ ಪಾಲಿಗೆ ಉಳಿಯಬೇಕಾದ ಕೆಲಸ ಕಡಿಮೆಯಾಗುತ್ತದೆ. ಬದುಕಿನ ತೀವ್ರ ವಿರೋಧಗಳು ಪೂರ್ಣವಾಗಿ ಘರ್ಷಿಸುವ ಮೊದಲೇ ಸಮಾಧಾನದತ್ತ ಹೊರಳುವುದೂ ಉಂಟು. ಕಾವ್ಯಾರ್ಥವನ್ನು ಕುರಿತು ಗಂಭೀರವಾಗಿ ಚಿಂತಿಸಿದ ವಿಮರ್ಶಕನಿಗೆ ಈ ಅಪಾಯದ ಅರಿವಿರಲಿಲ್ಲವೆನ್ನಲಾಗದು. ತಿಳಿದೂ ಅವರು ಸಂವಹನದ ಪಕ್ಷವನ್ನೇ ವಹಿಸಿದರು.

2006ರಲ್ಲಿ ಗೋವಿಂದ ಪೈ ಮತ್ತು ಕುವೆಂಪು ಅವರ ಅನಂತರ ಮೂರನೆಯವರಾಗಿ ಅವರಿಗೆ ‘ರಾಷ್ಟ್ರಕವಿ’ ಗೌರವ ಸಂದಿತು. ಬಿರುದುಗಳು ಕವಿಯನ್ನು ಕಾಣಿಸುವಷ್ಟೇ ಮರೆಮಾಡಲೂಬಲ್ಲವು. ಭಾವಗೀತೆಗಳ ಮೂಲಕ ಮನೆಮಾತಾದ ಶಿವರುದ್ರಪ್ಪ, ಸಾಹಿತ್ಯಚರಿತ್ರೆಯ ಸಂಪಾದಕ ಶಿವರುದ್ರಪ್ಪ, ಮೀಮಾಂಸಕ ಶಿವರುದ್ರಪ್ಪ ಎಂದು ಪ್ರತ್ಯೇಕಿಸಿ ನಡೆದಿರುವ ಅಧ್ಯಯನಗಳು ಇನ್ನು ಮುಂದೆ ಪರಸ್ಪರ ಸಂಧಿಸಬೇಕಾಗಿದೆ. ಹಾಗೆ ಸಂಧಿಸಿದಾಗ ಅವರ ಕಾವ್ಯದ ಸರಳತೆಯು ಸಹಜ ಗುಣವೆಂಬುದಕ್ಕಿಂತ ಹೆಚ್ಚಾಗಿ ವಿದ್ವತ್ತಿನಿಂದ ಗಳಿಸಿದ ನಿಲುವೆಂಬುದು ಸ್ಪಷ್ಟವಾಗುತ್ತದೆ.