ಎರಡು ಲೋಟದ ಕನ್ನಡ

1951–52ರ ಮೊದಲ ಮಹಾಚುನಾವಣೆಯಲ್ಲಿ ಊರಗೌಡರಿಗೂ ಒಂದೇ ಓಟು, ಅವರ ಹೊಲದ ಜೀತದಾಳಿಗೂ ಒಂದೇ ಓಟು. ಎಣಿಸುವಾಗ ಯಾವ ಚೀಟಿ ಯಾರದೆಂದು ಗೊತ್ತಾಗಲಿಲ್ಲ. ಆದರೆ ಓಟು ಹಾಕಿ ಗೌಡರು 'ಬಂದರು', ಆಳು 'ಬಂದ'. ಕನ್ನಡದ ವ್ಯಾಕರಣ ಆ ಚುನಾವಣೆಗೆ ನಿಂತಿರಲಿಲ್ಲ.

ಬಡವರ ಬಗ್ಗೆ ಕಥೆ ಬಂದರೆ ಸಾಹಿತ್ಯಕ್ಕೆ ಪ್ರಜಾಪ್ರಭುತ್ವ ಬಂತು ಅಂತ ಲೆಕ್ಕ ಹಾಕುವವರಿದ್ದಾರೆ. ನಮಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಯಾರ ಬಗ್ಗೆ ಬರೆದರು ಅನ್ನೋದು ಆಮೇಲಿನ ಮಾತು. ಕಥೆ ಹೇಳೋ ಬಾಯಿ ಯಾರದು? ಅದು ಯಾರನ್ನು ಬಹುವಚನದಲ್ಲಿ ಕೂರಿಸುತ್ತೆ, ಯಾರನ್ನು ಏಕವಚನದಲ್ಲಿ ನಿಲ್ಲಿಸುತ್ತೆ? ಮೊದಲು ಅದನ್ನು ನೋಡಬೇಕು.

ಕುವೆಂಪು ನಮ್ಮ ಹಿರಿಯರು, ಪುರೋಹಿತಶಾಹಿಯ ವಿರುದ್ಧ ನಮಗೆ ಬಾಯಿ ಕೊಟ್ಟವರು. ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಚಂದ್ರಯ್ಯಗೌಡರು ಎಷ್ಟು ಕ್ರೂರಿಯಾದರೂ ನಿರೂಪಣೆಯಲ್ಲಿ 'ಗೌಡರು'. ಬೇಲರ ಬೈರ ಬರೀ ಬೈರ. ಹೂವಯ್ಯನಿಗೂ ಏಕವಚನವೇ, ನಿಜ. ಅದು ಪ್ರೀತಿಯ ಏಕವಚನ. ಬೈರನದು ಜಾತಿಯ ಏಕವಚನ. 1967ರ 'ಮಲೆಗಳಲ್ಲಿ ಮದುಮಗಳು' ಹೊತ್ತಿಗೆ ಹೊಲೆಯಾಳು ಗುತ್ತಿ ಕಾದಂಬರಿಯ ಬಾಗಿಲಲ್ಲೇ ನಿಂತಿದ್ದಾನೆ. ಇದು ಸಣ್ಣ ಬದಲಾವಣೆಯಲ್ಲ. ಆದರೂ ಗುತ್ತಿಯ ಮಾತು ಉದ್ಧರಣ ಚಿಹ್ನೆಯೊಳಗೆ, ಹೇಳುವವರ ಮಾತು ಹೊರಗೆ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟ ಹಾಗೆ. ಕಾಫಿ ಒಂದೇ, ಲೋಟ ಬೇರೆ.

ಬೆಲೆ ಕಟ್ಟುವ ಹಕ್ಕಿನ ಕಥೆಯೂ ಹೀಗೇ. 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ, ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂಬರ್ಥದ ಮಾತಾಡಿದರು. ಆಗ ನಾವಿನ್ನೂ ಹುಟ್ಟಿರಲಿಲ್ಲ. ಯಾವುದು ಬೂಸಾ, ಯಾವುದು ಕಾಳು ಅಂತ ಕೇರಿ ನೋಡಬಹುದಿತ್ತು. ಬದಲಿಗೆ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಸಚಿವರ ಕುರ್ಚಿ ಹೋಯಿತು. ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂದರೆ ಅದಕ್ಕೂ ಇಲ್ಲವೆಂದರು. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ನಡೆಯಿತು.

ಲೋಟ ಒಡೆದದ್ದು ಎಲ್ಲಿ? ದೇವನೂರ ಮಹಾದೇವರಲ್ಲಿ, ಅದೂ ಒಂದೇ ಏಟಿಗಲ್ಲ. 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ರಾತ್ರಿಯೆಲ್ಲಾ ಕೂತು ಸಾಹುಕಾರನ ಕಡಲೆಕಾಯಿ ತಿಂದು ಮುಗಿಸುತ್ತಾರೆ. ಹಸಿವನ್ನು ಕನಿಕರದಿಂದ ನೋಡುವ ಕಥೆಯಲ್ಲ ಅದು. ಅಲ್ಲಿ ಹಸಿವು ನಗುತ್ತದೆ, ತಮಾಷೆ ಮಾಡುತ್ತದೆ. ಆದರೆ ಅಲ್ಲೂ ಹಟ್ಟಿಯ ನುಡಿ ಹೆಚ್ಚಾಗಿ ಪಾತ್ರಗಳ ಬಾಯಲ್ಲಿ. ಮುಂದೆ 'ಕುಸುಮಬಾಲೆ'ಯಲ್ಲಿ ಅದು ನಿರೂಪಕನ ಬಾಯಿಗೇ ಬಂತು. ಮಂಚ ಮಾತಾಡಿತು, ದೀಪದ ಜೋತಮ್ಮಗಳು ಸೇರಿ ಹರಟಿದವು, ಎಲ್ಲ ನಂಜನಗೂಡು ಸೀಮೆಯ ಮಾತಲ್ಲೇ. ಇದನ್ನ ಕನ್ನಡಕ್ಕೆ ಅನುವಾದ ಮಾಡಬೇಕು ಅಂತ ಕುಹಕವೂ ಹುಟ್ಟಿತು. ಪಂಪನಿಗೆ ಅರ್ಥಕೋಶ ಪಕ್ಕದಲ್ಲಿಟ್ಟುಕೊಂಡು ಓದುವವರು ಬದುಕಿರುವ ಜನರ ಮಾತಿಗೆ ಅನುವಾದ ಕೇಳಿದರು! ನಾವು ಹಟ್ಟಿ ಜಗಲಿ ಮೇಲೆ ಇದನ್ನು ಗಟ್ಟಿಯಾಗಿ ಓದಿದಾಗ ಅಕ್ಷರ ಬಾರದ ಮುದುಕಿಯರು ನಡುವೆಯೇ ನಕ್ಕರು. ಡಿಗ್ರಿ ಮಾಡಿದ ನಾವೇ ಅಲ್ಲಲ್ಲಿ ತಡವರಿಸಿದ್ದು.

ನಮ್ಮ ಪದ್ಯಗಳಿಗೂ ಈ ಮಾತು ತಾಗಬೇಕು. ಕ್ರಾಂತಿ, ಜ್ವಾಲೆ, ರಣಕಹಳೆ ಅಂತ ಬರೆಯುತ್ತೇವಲ್ಲ, ಯಾವ ಹಟ್ಟಿಯಲ್ಲಿ ಯಾರು ಹೀಗೆ ಮಾತಾಡ್ತಾರೆ? ಇದೂ ಪಾಠದ ಪುಸ್ತಕದ ಕನ್ನಡವೇ, ಕೆಂಪು ಬಣ್ಣ ಬಳಿದದ್ದು ಅಷ್ಟೆ.

ಶಾಲೆಯಲ್ಲಿ ನಾವು 'ಆಲು' ಅಂದರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎಂ.ಎ.ಗೆ ಬಂದಮೇಲೆ ತಿಳಿಯಿತು, ಹಳಗನ್ನಡದ 'ಪಾಲ್' ಸವೆದೇ 'ಹಾಲು' ಆದದ್ದು ಅಂತ. ಪಕಾರ ಹೋಗಿ ಹಕಾರ ಬಂದರೆ ಅದು ಭಾಷೆಯ ಚರಿತ್ರೆ. ಆ ಹಕಾರವೂ ನಮ್ಮ ಬಾಯಲ್ಲಿ ಸವೆದರೆ ಅದು ತಪ್ಪು! ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳೇ, ಬರವಣಿಗೆಗೆ ಒಂದು ರೂಪ ಬೇಕು, ಒಪ್ಪುತ್ತೇವೆ. ಅದನ್ನು ಕಲಿಸಿ. ಆದರೆ ಆ ಮಗು ಮನೆಯಿಂದ ತಂದ ಮಾತಿಗೆ ಬೆಂಚು ಹತ್ತಿಸಬೇಡಿ.

ಇಷ್ಟೆಲ್ಲ ಬರೆಯುವ ನಾವು ಮಾಡಿದ್ದೇನು? ಕಳೆದ ಸಂಚಿಕೆಗೆ ಕೂಲಿ ಮಾಡುವ ಗೆಳೆಯನೊಬ್ಬ ಕಳಿಸಿದ ಪದ್ಯದಲ್ಲಿ 'ಅಟ್ಟಿ' ಎಂದಿತ್ತು. ಪ್ರೂಫ್ ನೋಡುವಾಗ ನಾವೇ ಕೆಂಪು ಶಾಯಿಯಲ್ಲಿ 'ಹಟ್ಟಿ' ಮಾಡಿದೆವು. ಅಚ್ಚಾದದ್ದು ನೋಡಿ ಆತ ಕೇಳಿಕಳಿಸಿದ: "ನಮ್ ಅಟ್ಟೀನ ಯಾಕ್ ಬದ್ಲಾಯ್ಸುದ್ರಿ?" ಇನ್ನೂ ಉತ್ತರ ಬರೆದಿಲ್ಲ.