ಶತ್ರುವಿನ ಗುರುತು ಸಿಗದ ಯುದ್ಧ: ಈಳಂ ತಮಿಳು ಕಾವ್ಯ

ಅಂತರ್ಯುದ್ಧದ ಕವಿತೆ ಎಂದರೆ ಸಾಲು ಚಿಂದಿಯಾಗಿರಬೇಕು, ವಾಕ್ಯ ಅರ್ಧಕ್ಕೇ ಮುರಿದಿರಬೇಕು, ಲೋಕ ಕದಡಿದ ಮೇಲೆ ಭಾಷೆಯೂ ಕದಡಲೇಬೇಕು ಎಂದು ನಂಬುವ ವಿಮರ್ಶಕರಿದ್ದಾರೆ. ಶ್ರೀಲಂಕಾದ ತಮಿಳು ಕಾವ್ಯವನ್ನು ಓದಿದರೆ ಈ ನಂಬಿಕೆ ನಿಲ್ಲುವುದಿಲ್ಲ. 1983ರ ಜುಲೈನ ತಮಿಳರ ಹತ್ಯಾಕಾಂಡದಿಂದ 2009ರಲ್ಲಿ ಕೊನೆಯ ಕಾಳಗ ನಡೆದ ಮುಳ್ಳಿವಾಯ್ಕಾಲ್‌ವರೆಗೆ ಹಬ್ಬಿದ ಯುದ್ಧದ ಬಗ್ಗೆ ಅಲ್ಲಿ ಬಂದ ಉತ್ತಮ ಕವಿತೆಗಳಲ್ಲಿ ಬಹುಪಾಲಿನ ಮಾತು ಸರಳ, ದನಿ ತಗ್ಗಿದ್ದು. ಅವುಗಳಲ್ಲಿ ಕಲಸಿಹೋಗಿರುವುದು ವ್ಯಾಕರಣವಲ್ಲ; ಕಾಯುವವರು ಯಾರು, ಕೊಲ್ಲುವವರು ಯಾರು ಎಂಬ ಗುರುತು.

ಯುದ್ಧ ಶುರುವಾಗುವ ಮುನ್ನವೇ, 1981ರಲ್ಲಿ, ಜಾಫ್ನಾದ ಸಾರ್ವಜನಿಕ ಗ್ರಂಥಾಲಯ ಸುಟ್ಟುಹೋಯಿತು. ಸುಮಾರು 97,000 ಪುಸ್ತಕಗಳು ಬೂದಿಯಾದವು. ಈ ಘಟನೆಯ ಮೇಲೆ ಎಂ.ಎ. ನುಹ್ಮಾನ್ ಬರೆದ ಕವಿತೆ ಒಂದು ಕನಸಿನ ಕಥನ. ಸಾಮಾನ್ಯ ಉಡುಪಿನ ಪೊಲೀಸರು ಬುದ್ಧನನ್ನೇ ಗುಂಡಿಟ್ಟು ಕೊಂದಿದ್ದಾರೆ, ಹೆಣ ಗ್ರಂಥಾಲಯದ ಮೆಟ್ಟಿಲ ಮೇಲಿದೆ. ಕೊಲ್ಲಬೇಕಾದವರ ಪಟ್ಟಿಯಲ್ಲಿಲ್ಲದ ಹೆಸರು ಹೇಗೆ ಸತ್ತಿತೆಂಬ ಚಿಂತೆ ಮಂತ್ರಿಗಳಿಗೆ. ಹೆಣ ಸುಡಲು ಪುಸ್ತಕಗಳೇ ಕಟ್ಟಿಗೆಯಾಗುತ್ತವೆ. ಕವಿ ಎಲ್ಲೂ ಕೂಗುವುದಿಲ್ಲ. ಕಚೇರಿಯ ತಣ್ಣನೆಯ ಮಾತಿನಲ್ಲೇ ಕ್ರೌರ್ಯ ಬಯಲಾಗುತ್ತದೆ. ಕವಯಿತ್ರಿ ಶಿವರಮಣಿಯ ಕವಿತೆಯಲ್ಲಿ ಯುದ್ಧದ ರಾತ್ರಿಗಳು ಮಕ್ಕಳನ್ನು ಅವಧಿಗೆ ಮುಂಚೆಯೇ ದೊಡ್ಡವರಾಗಿಸುತ್ತವೆ. ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಕೀಳುವುದು, ಕೋಲನ್ನು ಬಂದೂಕು ಮಾಡಿಕೊಂಡು ಗೆಳೆಯನನ್ನೇ ಶತ್ರುವೆಂದು ಕೊಲ್ಲುವುದು ಅವರ ಆಟ. ಅಂತರ್ಯುದ್ಧದ ತಿರುಳೆಲ್ಲ ಈ ಆಟದಲ್ಲಿದೆ.

ಈ ಸಾಧನೆಯ ತೂಕ ತಿಳಿಯಲು ಅದರ ಎದುರಿಗಿದ್ದ ಪರಂಪರೆಯನ್ನೂ ನೋಡಬೇಕು. ಪ್ರಾಚೀನ ಸಂಗಂ ಸಂಕಲನ ಪುರನಾನೂರಿನ ಕಾಲದಿಂದ ತಮಿಳಿನಲ್ಲಿ ವೀರಮರಣಕ್ಕೆ ದೊಡ್ಡ ಮರ್ಯಾದೆಯಿದೆ. ಹೋರಾಟದ ಸಂಘಟನೆಗಳಿಗೆ ಅದು ಸಿದ್ಧ ಬಂಡವಾಳವಾಯಿತು. ಹುತಾತ್ಮರನ್ನು ಹಾಡುವ ಪದ್ಯಗಳು ರಾಶಿ ಬಿದ್ದವು. ಆದರೆ 1986ರಲ್ಲಿ ಈ ಸಂಘಟನೆಗಳಲ್ಲೊಂದಾದ ಎಲ್‌ಟಿಟಿಇ ಇನ್ನೊಂದು ತಮಿಳು ಸಂಘಟನೆಯಾದ ಟೆಲೊದ ಹುಡುಗರನ್ನು ಕೊಂದಿತು. 1990ರಲ್ಲಿ ಉತ್ತರದ ಮುಸ್ಲಿಮರನ್ನು ಊರು ಬಿಡಿಸಿತು. 1991ರಲ್ಲಿ ಅದೇ ಸಂಘಟನೆ ಎಳೆದೊಯ್ದ ಕವಯಿತ್ರಿ ಸೆಲ್ವಿ ಮರಳಲಿಲ್ಲ. ಅದೇ ವರ್ಷ ಶಿವರಮಣಿ ಕೈಯಲ್ಲಿದ್ದ ತನ್ನ ಕವಿತೆಗಳನ್ನು ಸುಟ್ಟು ಪ್ರಾಣ ಕಳೆದುಕೊಂಡಳು. ಇಷ್ಟಾದ ಮೇಲೆ ವೀರಗಾನದ ಭಾಷೆಯಲ್ಲಿ ಸತ್ಯ ಹೇಳುವುದು ಸಾಧ್ಯವಿರಲಿಲ್ಲ.

ಈ ಸರಳ ಬರವಣಿಗೆ ಕಾವ್ಯವಲ್ಲ, ವರದಿ ಎಂಬ ಆಕ್ಷೇಪವಿದೆ. ಹಲವು ಪದ್ಯಗಳ ಮಟ್ಟಿಗೆ ಅದು ನಿಜ. ಘಟನೆ ಮರೆತರೆ ಅವು ಉಳಿಯುವುದಿಲ್ಲ. ಸರಳತೆಯೇ ಏಕೈಕ ದಾರಿಯೂ ಅಲ್ಲ: ಪೂರ್ವ ಕರಾವಳಿಯ ಕವಿ ಸೋಲೈಕ್ಕಿಳಿ ವಿಲಕ್ಷಣ ಪ್ರತಿಮೆಗಳಿಂದಲೇ ಭಯವನ್ನು ಕಟ್ಟಿದವರು. ಆದರೆ ನುಹ್ಮಾನ್, ಶಿವರಮಣಿ ಏನನ್ನು ಕಾಣಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಆಯ್ದುಕೊಂಡ ರೀತಿ ವರದಿಗಾರನದಲ್ಲ. ಇದು ಒಂದೇ ಪಕ್ಷದ ಅಳಲು ಎಂಬುದು ಇನ್ನೊಂದು ದೂರು. ಮುಸ್ಲಿಂ ಕವಿಯಾದ ನುಹ್ಮಾನ್ ತಮಿಳರ ಗ್ರಂಥಾಲಯಕ್ಕಾಗಿ ಬುದ್ಧನನ್ನು ಕರೆದದ್ದು, ತಮಿಳು ಕವಿ ಚೇರನ್ ಸಿಂಹಳ ಗೆಳತಿಯನ್ನು ಉದ್ದೇಶಿಸಿ ಬರೆದದ್ದು ಆ ದೂರಿಗೆ ಉತ್ತರ. ಶತ್ರುವನ್ನು ಬೈಯುವ ಕವಿತೆ ಎಲ್ಲ ಯುದ್ಧದಲ್ಲೂ ಹುಟ್ಟುತ್ತದೆ. ತನ್ನವರ ಕೈಗೆ ಅಂಟಿದ ರಕ್ತವನ್ನೂ ಗುರುತಿಸಿದ್ದರಿಂದಲೇ ಈ ಪರಂಪರೆ ದೊಡ್ಡದು.