ತುಳುಲಿಪಿಯ ಯುನಿಕೋಡ್ ಸಂಕೇತೀಕರಣ: ಒಂದು ವಿಮರ್ಶೆ

ಮೂಡುಬಿದಿರೆಯ ಜೈನಮಠ ಹಾಗೂ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಓಲೆಗರಿ ಸಂಗ್ರಹಗಳಿಗೆ ಹೆಸರಾದವು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವು ತುಳು ಬದುಕಿನ ಕುರುಹುಗಳನ್ನು ಕಾಪಿಟ್ಟಿದೆ. ಇಂತಹ ಪರಿಸರದಲ್ಲಿ ತುಳುಲಿಪಿಯ ಅಂಕೀಯ ಭವಿಷ್ಯವು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದರಿಂದ ಮುದ್ರಣಯುಗದಲ್ಲಿ ಹಿಂದೆ ಸರಿದ ಈ ಲಿಪಿ, 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಯುನಿಕೋಡ್ 16.0 ಆವೃತ್ತಿಯಲ್ಲಿ ‘ತುಳು-ತಿಗಳಾರಿ’ ಎಂಬ ಹೆಸರಿನಿಂದ 80 ಸಂಕೇತಗಳೊಡನೆ ಸ್ಥಾನ ಪಡೆಯಿತು.

ಸಂಕೇತದ ಘಟಕ ಯಾವುದು, ಇಡೀ ಅಕ್ಷರವೋ ಅದರ ಅವಯವವೋ ಎಂಬುದು ಇಲ್ಲಿನ ಮೂಲ ಪ್ರಶ್ನೆ. ಇದನ್ನು ಮೊದಲೇ ಎದುರಿಸಿದ್ದು ಕೊರಿಯದ ಹಂಗುಲ್ ಲಿಪಿ. ಅಲ್ಲಿಯೂ ವರ್ಣಗಳು ಕೂಡಿ ಒಂದು ಚೌಕದೊಳಗೆ ಅಕ್ಷರವಾಗುತ್ತವೆ. 1987ರ ಕೊರಿಯನ್ ಮಾನಕವು 2,350 ಅಕ್ಷರಗಳನ್ನಷ್ಟೇ ಸಿದ್ಧರೂಪದಲ್ಲಿ ಒಳಗೊಂಡಿತ್ತು, ಉಳಿದವು ಹೊರಗುಳಿದವು. 1996ರ ಯುನಿಕೋಡ್ 2.0 ಆವೃತ್ತಿಯು 19 ಆದಿವ್ಯಂಜನ, 21 ಸ್ವರ, 27 ಅಂತ್ಯವ್ಯಂಜನ ಮತ್ತು ಅಂತ್ಯವ್ಯಂಜನವಿಲ್ಲದ ಸ್ಥಿತಿಯನ್ನು ಗುಣಿಸಿ 11,172 ಅಕ್ಷರಗಳನ್ನು ಸೇರಿಸಿತು. ಹಂಗುಲ್ ಅಕ್ಷರದ ಚೌಕಟ್ಟು ನಿಶ್ಚಿತವಾದುದರಿಂದ ಇದು ಸಾಧ್ಯವಾಯಿತು.

ತುಳುಲಿಪಿಯ ಒತ್ತಕ್ಷರಗಳಿಗೆ ಅಂತಹ ನಿಶ್ಚಿತ ಎಲ್ಲೆಯಿಲ್ಲ. ಆದ್ದರಿಂದ ಅವಯವಗಳಿಗೆ ಮಾತ್ರ ಸಂಕೇತ ನೀಡಿದ ಕ್ರಮ ಸಮರ್ಪಕವಾದುದು. ಕನ್ನಡದ ಸಂಕೇತೀಕರಣದಲ್ಲಿ ಹಲಂತವನ್ನು ತೋರುವುದು, ವ್ಯಂಜನಗಳನ್ನು ಕೂಡಿಸುವುದು ಎಂಬ ಎರಡು ಕೆಲಸಗಳನ್ನೂ ವಿರಾಮಚಿಹ್ನೆಯೊಂದೇ ನಿರ್ವಹಿಸುತ್ತದೆ. ತುಳುಲಿಪಿಯಲ್ಲಿ ಕಾಣುವ ವಿರಾಮಕ್ಕೂ ಕಾಣದ ಸಂಯೋಜಕಕ್ಕೂ ಬೇರೆ ಬೇರೆ ಸಂಕೇತಗಳಿವೆ. ಹಸ್ತಪ್ರತಿಯ ಲಿಪಿಕಾರನು ಬಿಡಿಸಿ ಬರೆದುದನ್ನು ಬಿಡಿಸಿಯೂ ಕೂಡಿಸಿ ಬರೆದುದನ್ನು ಕೂಡಿಸಿಯೂ ದಾಖಲಿಸಲು ಇದರಿಂದ ಅನುಕೂಲವಾಗಿದೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ಮಹತ್ತ್ವದ ಗುಣ.

ಕೊರತೆ ಕಾಣುವುದು ಸ್ವರಗಳಲ್ಲಿ. ಈ ಆವೃತ್ತಿಯಲ್ಲಿ ಏ, ಓ ಸ್ವರಗಳಿವೆ. ಹ್ರಸ್ವ ಎ, ಒ ಸ್ವರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. ತುಳುಲಿಪಿಯ ಓಲೆಗರಿಗಳಲ್ಲಿ ಬಹುಪಾಲು ಸಂಸ್ಕೃತ ಗ್ರಂಥಗಳೇ ಇದ್ದು, ಆ ಭಾಷೆಗೆ ಹ್ರಸ್ವ ಎ, ಒ ಅಗತ್ಯವಿಲ್ಲ. ವಿಷ್ಣುತುಂಗನ ‘ಶ್ರೀ ಭಾಗವತೊ’ದಂತಹ ತುಳು ಕೃತಿಗಳು ವಿರಳ. ಆದರೆ ತುಳುವಿನಲ್ಲಿ ‘ಎನ್ನ’, ‘ಒಂಜಿ’ ಎಂಬ ಹ್ರಸ್ವಗಳೂ ‘ಏರ್’, ‘ಓಲು’ ಎಂಬ ದೀರ್ಘಗಳೂ ನಿತ್ಯಬಳಕೆಯವು. ಓದುಗನು ಸಂದರ್ಭದಿಂದ ಉಚ್ಚಾರವನ್ನು ಊಹಿಸಬಹುದು. ಯಂತ್ರದ ಹುಡುಕಾಟಕ್ಕೂ ನಿಘಂಟಿನ ಅಕಾರಾದಿಗೂ ಆ ಊಹೆ ಒದಗದು. ಸಂಸ್ಕೃತ ಹಸ್ತಪ್ರತಿಗಳಿಗೆ ಒಪ್ಪುವ ಸಂಕೇತವ್ಯವಸ್ಥೆಯು ತುಳು ಬರಹಕ್ಕೆ ಅಪೂರ್ಣವಾಗಿರುವುದು ಇಲ್ಲಿನ ವಿಪರ್ಯಾಸ.

ಒಮ್ಮೆ ನೀಡಿದ ಸಂಕೇತವನ್ನು ಯುನಿಕೋಡ್ ಸ್ಥಳಾಂತರಿಸುವುದಿಲ್ಲ. ಹೊಸದನ್ನು ಸೇರಿಸಲು ಅಡ್ಡಿಯಿಲ್ಲ. ಅದಕ್ಕೆ ಬೇಕಾದುದು ಲಿಖಿತ ಬಳಕೆಯ ಆಧಾರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಂಗ್ರಹಗಳನ್ನೂ ಇಂದಿನ ತುಳುಲಿಪಿ ಕಲಿಕೆಯ ಬರಹಗಳನ್ನೂ ಒಟ್ಟಿಗೆ ಪರಿಶೀಲಿಸಿ ಅಂತಹ ಆಧಾರವನ್ನು ಒದಗಿಸುವುದು ತುಳು ಸಂಶೋಧನೆಯ ತುರ್ತು ಕರ್ತವ್ಯವಾಗಿದೆ.